ಎಳೆಯರ ಕೈಗೆ ನಿಕೋಟಿನ್: ವಿಜಯಪುರ, ತಿಕೋಟಾ, ಬಬಲೇಶ್ವರ ಸೀಮೆಯ ದಾರಿಗಳು

ಇ-ಸಿಗರೇಟು ಬ್ಯಾಟರಿಯಿಂದ ನಡೆಯುವ ಸಣ್ಣ ಉಪಕರಣ. ಒಳಗೆ ತೆಳುತಂತಿಯ ಸುರುಳಿ, ಸುರುಳಿಗೆ ತಾಗಿದ ಹತ್ತಿ, ಹತ್ತಿಯಲ್ಲಿ ನೆನೆದ ದ್ರವ ಇರುತ್ತವೆ. ತುದಿಯನ್ನು ಬಾಯಿಗಿಟ್ಟು ಎಳೆದರೆ ಸುರುಳಿ ಕಾದು ದ್ರವ ಆವಿಯಾಗುತ್ತದೆ; ಆ ಆವಿ ಎದೆಗೆ ಇಳಿಯುತ್ತದೆ. ದ್ರವದ ಬಹುಪಾಲು ಪ್ರೊಪಿಲೀನ್ ಗ್ಲೈಕಾಲ್ ಮತ್ತು ಗ್ಲಿಸರಿನ್. ಅದಕ್ಕೆ ಮಾವು, ಕಲ್ಲಂಗಡಿ, ಪುದೀನ ಮುಂತಾದ ಪರಿಮಳ ಬೆರೆಸುತ್ತಾರೆ, ಜೊತೆಗೆ ನಿಕೋಟಿನ್. ತಂಬಾಕಿನ ಎಲೆ ಇಲ್ಲಿ ಸುಡುವುದಿಲ್ಲ. ಬೂದಿ ಬೀಳುವುದಿಲ್ಲ, ಬಟ್ಟೆಗೆ ಬೀಡಿ ವಾಸನೆ ಹತ್ತುವುದಿಲ್ಲ, ಬೆರಳು ಹಳದಿಯಾಗುವುದಿಲ್ಲ. ಮನೆಯವರು ಮಗನ ಮೇಲೆ ಸಂಶಯಪಡಲು ಹಿಂದಿನಿಂದ ನಂಬಿಕೊಂಡು ಬಂದ ಗುರುತುಗಳೆಲ್ಲ ಇಲ್ಲಿ ಕೈಕೊಡುತ್ತವೆ. ಇಂದು ಬಳಕೆಯಲ್ಲಿರುವ ಬಗೆಯ ಉಪಕರಣವನ್ನು ರೂಪಿಸಿದವರು ಚೀನಾದ ಔಷಧ ತಜ್ಞ ಹೊನ್ ಲಿಕ್. ಕಾಲ 2003ರ ಸುಮಾರು. ಮೊದಲು ಸಿಗರೇಟಿನ ಆಕಾರದಲ್ಲಿದ್ದದ್ದು ಈಗ ಪೆನ್ನು, ಪೆನ್‌ಡ್ರೈವ್, ಬಣ್ಣದ ಮಾರ್ಕರ್‌ಗಳ ಆಕಾರಕ್ಕೆ ಬಂದಿದೆ. ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟರೂ ಎದ್ದು ಕಾಣುವುದಿಲ್ಲ. ಹುಡುಗರ ಮಾತಿನಲ್ಲಿ ಇದರ ಹೆಸರು ವೇಪ್.

ಹದಿಮೂರು, ಹದಿನಾಲ್ಕರ ಮಕ್ಕಳ ಮಟ್ಟಿಗೆ ಈ ಉಪಕರಣದ ಆಕಾರಕ್ಕಿಂತ ಅದರ ದ್ರವದಲ್ಲಾದ ಒಂದು ಬದಲಾವಣೆ ಹೆಚ್ಚು ಮುಖ್ಯ. ಹಳೆಯ ಬಗೆಯ ನಿಕೋಟಿನ್ ಗಂಟಲಿಗೆ ಖಾರ. ಮೊದಲ ಬಾರಿ ಬೀಡಿ ಎಳೆದ ಹುಡುಗ ಕೆಮ್ಮುತ್ತಾನೆ, ತಲೆ ತಿರುಗಿ ಕೂತುಬಿಡುತ್ತಾನೆ. ಎಷ್ಟೋ ಮಕ್ಕಳು ಅಲ್ಲಿಗೇ ನಿಲ್ಲುತ್ತಾರೆ. ಆ ಕೆಮ್ಮು ದೇಹವೇ ಕಟ್ಟಿಕೊಂಡ ಕಾವಲು. 2015ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ಜೂಲ್ ಎಂಬ ಸರಕು ನಿಕೋಟಿನ್‌ಗೆ ಬೆಂಜೋಯಿಕ್ ಆಮ್ಲ ಸೇರಿಸಿ ಲವಣರೂಪಕ್ಕೆ ತಂದಿತು. ಇದರಿಂದ ಗಂಟಲಿನ ಉರಿ ತಗ್ಗಿತು, ಒಂದೊಂದು ಎಳೆತಕ್ಕೆ ಒಳಹೋಗುವ ನಿಕೋಟಿನ್ ಹೆಚ್ಚಿತು. ಅಮೆರಿಕದ ಪ್ರೌಢಶಾಲೆಗಳಲ್ಲಿ ಬಳಕೆ ಏರುತ್ತಾ ಹೋಗಿ, 2019ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಶೇ. 27.5ರಷ್ಟು ವಿದ್ಯಾರ್ಥಿಗಳು ಹಿಂದಿನ ಮೂವತ್ತು ದಿನಗಳಲ್ಲಿ ವೇಪ್ ಸೇದಿದ್ದಾಗಿ ಹೇಳಿದರು. ಒಮ್ಮೆ ಬಳಸಿ ಎಸೆಯುವ ಅಗ್ಗದ ಉಪಕರಣಗಳು ಜಗತ್ತಿನ ಮಾರುಕಟ್ಟೆಗಳಿಗೆ ನುಗ್ಗಿದ್ದು ಅದರ ನಂತರ. ಬ್ರಿಟನ್ 2025ರ ಜೂನ್ 1ರಿಂದ ಅಂಥವುಗಳ ಮಾರಾಟವನ್ನೇ ನಿಲ್ಲಿಸಬೇಕಾಯಿತು.

ಭಾರತ ಬೇರೆ ದಾರಿ ಹಿಡಿಯಿತು, ಅದರಲ್ಲೂ ಕರ್ನಾಟಕ ಮುಂಚಿತವಾಗಿಯೇ ಹೆಜ್ಜೆ ಇಟ್ಟಿತು. ರಾಜ್ಯ ಸರ್ಕಾರ 2016ರ ಜೂನ್‌ನಲ್ಲಿ ಇ-ಸಿಗರೇಟಿನ ತಯಾರಿಕೆ, ಮಾರಾಟ, ಜಾಹೀರಾತುಗಳನ್ನು ನಿಷೇಧಿಸಿತು. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರ್ 18ರಂದು ಸುಗ್ರೀವಾಜ್ಞೆ ಹೊರಡಿಸಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅದು ಇ-ಸಿಗರೇಟು ನಿಷೇಧ ಕಾಯ್ದೆಯಾಯಿತು. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚಿಕೆ, ಜಾಹೀರಾತು ಎಲ್ಲವೂ ಅಪರಾಧ. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಮಾಡಿದರೆ ಮೂರು ವರ್ಷದವರೆಗೆ ಸೆರೆ ಮತ್ತು ಐದು ಲಕ್ಷದವರೆಗೆ ದಂಡ. ದಾಸ್ತಾನು ಇಟ್ಟವರಿಗೆ ಆರು ತಿಂಗಳವರೆಗೆ ಸೆರೆ ಅಥವಾ ಐವತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆವಿ ಎಳೆಯುವ ಕ್ರಿಯೆಯನ್ನು ಕಾಯ್ದೆ ಪ್ರತ್ಯೇಕ ಅಪರಾಧವೆಂದು ಹೆಸರಿಸಿಲ್ಲ. ಮಕ್ಕಳ ವಿಷಯದಲ್ಲಿ ಇದು ಸರಿಯಾದ ಧೋರಣೆ. ಹದಿನಾಲ್ಕರ ಹುಡುಗನನ್ನು ಠಾಣೆಯ ಮೆಟ್ಟಿಲು ಹತ್ತಿಸುವುದರಿಂದ ಅವನ ಚಟ ಬಿಡುವುದಿಲ್ಲ.

ಆದರೆ ಪೂರ್ಣ ನಿಷೇಧಕ್ಕೆ ಇನ್ನೊಂದು ಮಗ್ಗುಲಿದೆ. ಬಹಿರಂಗ ಅಂಗಡಿಯೇ ಇಲ್ಲದ ಸರಕಿಗೆ ವಯಸ್ಸು ಕೇಳುವ ಅಂಗಡಿಕಾರನೂ ಇಲ್ಲ. ಪೊಟ್ಟಣದ ಮೇಲೆ ಎಚ್ಚರಿಕೆ ಇಲ್ಲ, ಒಳಗೆ ಎಷ್ಟು ನಿಕೋಟಿನ್ ಇದೆ ಎಂಬ ನಂಬಬಹುದಾದ ಅಳತೆಯೂ ಇಲ್ಲ. ಸರಕು ಕದ್ದು ಬರುತ್ತದೆ. ಕದ್ದು ಮಾರುವವನಿಗೆ ಎದುರಿಗಿರುವವನು ಹದಿಮೂರರವನೋ ಮೂವತ್ತರವನೋ ಒಂದೇ. ಹಾಗಾಗಿ ನಿಷೇಧ ಜಾರಿಯಲ್ಲಿರುವ ನಾಡಿನಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಮಕ್ಕಳ ಕೈಗೆ ಇದು ಯಾವ ದಾರಿಯಲ್ಲಿ ಬಂದು ಸೇರುತ್ತದೆ ಎಂಬುದು. ವಿಜಯಪುರ ಸೀಮೆಯಲ್ಲಿ ಆ ದಾರಿಗಳಲ್ಲಿ ಹೆಚ್ಚಿನವು ವೇಪ್‌ಗಿಂತ ಬಹಳ ಹಳೆಯವು. ಗುಟ್ಕಾ, ಮಾವಾ, ಬೀಡಿ, ಬಿಡಿ ಸಿಗರೇಟುಗಳಿಗಾಗಿ ಸವೆದ ದಾರಿಗೆ ಹೊಸ ಉಪಕರಣ ಬಂದು ಕೂಡಿಕೊಂಡಿದೆ. ಹಳೆಯದನ್ನು ಬಿಟ್ಟು ಹೊಸದನ್ನಷ್ಟೇ ನೋಡಿದರೆ ಅರ್ಧ ಚಿತ್ರ ಮಾತ್ರ ಕಾಣುತ್ತದೆ.

ಹಳೆಯದು ಎಂದಾಗ ಅದು ಎಷ್ಟು ಹಳೆಯದು ಎಂಬುದನ್ನೂ ಹೇಳಬೇಕು. ತಂಬಾಕು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗುಗಳಲ್ಲಿ ಪಶ್ಚಿಮ ಕರಾವಳಿಗೆ ಬಂದು ದಖ್ಖನಿಗೆ ಹತ್ತಿತು. ಎರಡನೆಯ ಇಬ್ರಾಹಿಂ ಆದಿಲ್‌ಶಾಹನ ಕಾಲದಲ್ಲಿ ಅಕ್ಬರನ ರಾಯಭಾರಿ ಅಸದ್ ಬೇಗ್ ವಿಜಾಪುರಕ್ಕೆ, ಅಂದರೆ ಇಂದಿನ ವಿಜಯಪುರಕ್ಕೆ, ಬಂದಿದ್ದ. 1603–04ರ ಸುಮಾರಿಗೆ ಹಿಂದಿರುಗುವಾಗ ಇತರ ಕಾಣಿಕೆಗಳೊಂದಿಗೆ ತಂಬಾಕನ್ನೂ ರತ್ನ ಕೆತ್ತಿದ ಸೇದುವ ಕೊಳವೆಯನ್ನೂ ಕೊಂಡೊಯ್ದ. ಉತ್ತರದಲ್ಲಿ ಅಂಥದ್ದನ್ನು ತಾನು ಕಂಡಿರಲಿಲ್ಲವೆಂದು ಅವನೇ ಬರೆದಿಟ್ಟಿದ್ದಾನೆ. ಅಕ್ಬರ್ ಕುತೂಹಲಕ್ಕೆ ಒಂದೆರಡು ಬಾರಿ ಎಳೆದ, ಆಸ್ಥಾನದ ಹಕೀಮ ತಡೆದ, ಬಾದಶಹ ಅಲ್ಲಿಗೆ ಬಿಟ್ಟ. ಅಮೀರರು ಬಿಡಲಿಲ್ಲ, ವ್ಯಾಪಾರಿಗಳು ತರಿಸಿ ಮಾರತೊಡಗಿದರು. 1617ರಲ್ಲಿ ಜಹಾಂಗೀರ್ ತಂಬಾಕು ಸೇದುವುದನ್ನು ನಿಷೇಧಿಸಿದ. ಆ ನಿಷೇಧ ಬಳಕೆಯನ್ನು ನಿಲ್ಲಿಸಲಿಲ್ಲ. ಮೊಗಲ್ ಆಸ್ಥಾನಕ್ಕೆ ತಂಬಾಕು ಹೋದದ್ದು ಈ ಊರಿನಿಂದ ಎಂಬ ಸಂಗತಿಯನ್ನು ಗೋಳಗುಮ್ಮಟದ ಊರಿನ ಶಾಲೆಗಳಲ್ಲಿ ಪಾಠವಾಗಿ ಹೇಳುವುದು ಉಪಯುಕ್ತ. ಇದು ನಮ್ಮ ಹಿರಿಯರ ಕಾಲದಿಂದ, ಅನಾದಿಯಿಂದ ಬಂದದ್ದು ಎಂಬ ಮಾತು ನಾನೂರು ಚಿಲ್ಲರೆ ವರ್ಷದ ಹಿಂದಕ್ಕೆ ಹೋಗುವುದಿಲ್ಲ ಎಂದು ಮಕ್ಕಳಿಗೆ ಅದರಿಂದ ಗೊತ್ತಾಗುತ್ತದೆ.

ಇನ್ನು ಸಮೀಕ್ಷೆಗಳ ಅಂಕಿಗಳು ಹೀಗಿವೆ. 2016–17ರ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಶೇ. 22.8ರಷ್ಟು ವಯಸ್ಕರು ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು, ಸೇದುವವರು ಶೇ. 8.8, ಜಗಿಯುವ, ತಿಕ್ಕುವ, ಮೂಗಿಗೇರಿಸುವವರು ಶೇ. 16.3. ಶಾಲಾ ಮಕ್ಕಳ ಸಮೀಕ್ಷೆ 2019ರಲ್ಲಿ ನಡೆಯಿತು. ದೇಶದಲ್ಲಿ 13ರಿಂದ 15 ವಯಸ್ಸಿನ ವಿದ್ಯಾರ್ಥಿಗಳಲ್ಲಿ ಶೇ. 8.5 ಮಂದಿ ತಂಬಾಕು ಬಳಸುತ್ತಿದ್ದರು. ಇ-ಸಿಗರೇಟಿನ ಬಗ್ಗೆ ಕೇಳಿದ್ದವರು ಶೇ. 28.9, ಒಮ್ಮೆಯಾದರೂ ಸೇದಿದ್ದವರು ಶೇ. 2.8. ಕರ್ನಾಟಕದಲ್ಲಿ ತಂಬಾಕು ಬಳಸುವ ವಿದ್ಯಾರ್ಥಿಗಳ ಪ್ರಮಾಣ ಕೇವಲ ಶೇ. 1.2 ಎಂದು ಬಂತು. ದೇಶದಲ್ಲೇ ತೀರ ಕಡಿಮೆ ಪ್ರಮಾಣಗಳಲ್ಲಿ ಅದು ಒಂದು.

ಈ ಶೇ. 1.2 ನೆಮ್ಮದಿ ಕೊಡುವ ಅಂಕಿ. ವಿಜಯಪುರ ಜಿಲ್ಲೆಗೆ ಅದನ್ನು ಹಾಗೇ ಅನ್ವಯಿಸುವ ಮೊದಲು ಮಾತ್ರ ಯೋಚಿಸಬೇಕು. ಸಮೀಕ್ಷೆ ನಡೆದದ್ದು ತರಗತಿಯ ಒಳಗೆ, ಅಂದು ಹಾಜರಿದ್ದ ಮಕ್ಕಳ ನಡುವೆ. ಈ ಜಿಲ್ಲೆಯ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡ ಕೆಲಸಕ್ಕೆ ಗೋವಾಕ್ಕೆ, ಮಂಗಳೂರಿಗೆ, ಬೆಂಗಳೂರಿಗೆ ಗುಳೆ ಹೋಗುತ್ತವೆ. ಜೊತೆಗೆ ಹೋದ ಮಕ್ಕಳು ಹಾಜರಿ ಪುಸ್ತಕದಲ್ಲಿ ಇರುತ್ತಾರೆ, ತರಗತಿಯಲ್ಲಿ ಇರುವುದಿಲ್ಲ. ದ್ರಾಕ್ಷಿ ಕೊಯ್ಲಿನ ಹಂಗಾಮಿನಲ್ಲಿ, ಒಣದ್ರಾಕ್ಷಿಯ ಶೆಡ್ಡುಗಳಲ್ಲಿ, ಗ್ಯಾರೇಜು, ಹೋಟೆಲುಗಳಲ್ಲಿ ದೊಡ್ಡವರ ಸರಿಸಮ ದುಡಿಯುವ ಹುಡುಗರಿಗೆ ದೊಡ್ಡವರ ತಂಬಾಕೂ ಸಿಗುತ್ತದೆ. ತಂಬಾಕಿಗೆ ಹತ್ತಿರವಾಗಿರುವ ಮಕ್ಕಳೇ ಸಮೀಕ್ಷೆಯ ಹೊರಗೆ ಉಳಿಯುತ್ತಾರೆ. ವೇಪ್‌ನ ಅಂಕಿಯೂ ಬಳಸಿ ಎಸೆಯುವ ಉಪಕರಣಗಳ ಕಾಲಕ್ಕಿಂತ ಹಿಂದಿನದು.

ಅದೇ ಸಮೀಕ್ಷೆಯ ಇನ್ನೊಂದು ಅಂಕಿಗೆ ಹೆಚ್ಚಿನ ಬೆಲೆ ಕೊಡಬೇಕು. ತಂಬಾಕು ಮುಟ್ಟಿದ್ದ ಮಕ್ಕಳು ಅದನ್ನು ಮೊದಲು ಮುಟ್ಟಿದ ವಯಸ್ಸಿನ ಮಧ್ಯಬಿಂದು ಸಿಗರೇಟಿಗೆ 11.5 ವರ್ಷ, ಬೀಡಿಗೆ 10.5, ಹೊಗೆರಹಿತ ತಂಬಾಕಿಗೆ 9.9. ಒಂಬತ್ತು, ಹತ್ತು ಎಂದರೆ ನಾಲ್ಕನೆಯ, ಐದನೆಯ ತರಗತಿ. ಈ ಸೀಮೆಯ ಮನೆಗಳಲ್ಲಿ ಮಗುವನ್ನು ಒಂಟಿಯಾಗಿ ಅಂಗಡಿಗೆ ಕಳಿಸಲು ಶುರುಮಾಡುವ ವಯಸ್ಸೂ ಅದೇ.

ಅಲ್ಲಿಂದಲೇ ಮೊದಲ ದಾರಿ ತೆರೆಯುತ್ತದೆ. ಅಜ್ಜನಿಗೆ ಎಲೆ-ಅಡಿಕೆ, ಅಪ್ಪನಿಗೆ ಬೀಡಿ ಕಟ್ಟು, ಕಾಕಾನಿಗೆ ತಂಬಾಕಿನ ಚೀಟು, ಅಜ್ಜಿಗೆ ಹಲ್ಲಿಗೆ ತಿಕ್ಕುವ ಮಿಶ್ರಿ ಅಥವಾ ನಶೆಪುಡಿ: ಇವನ್ನೆಲ್ಲ ತರುವ ಕೆಲಸ ಮನೆಯ ಚಿಕ್ಕವರದು. “ಏ ತಮ್ಮಾ, ಓಡಿ ಹೋಗಿ ಒಂದು ತಂಬಾಕದ ಚೀಟ ತಗೊಂಡ ಬಾ” ಎಂದು ಹೇಳುವ ಹಿರಿಯರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ. ಅಂಗಡಿಯವ “ಯಾರಿಗೋ?” ಎಂದು ಕೇಳುತ್ತಾನೆ, “ನಮ್ಮಪ್ಪಗರೀ” ಎಂದರೆ ಕೊಡುತ್ತಾನೆ. ಊರಲ್ಲಿ ಎಲ್ಲರೂ ಎಲ್ಲರಿಗೂ ಗುರುತು. ಉದ್ರಿ ಲೆಕ್ಕವೂ ಮನೆಯ ಹೆಸರಿನಲ್ಲೇ ಇರುತ್ತದೆ. ಹೀಗೆ ಹತ್ತಾರು ಸಲ ಹೋಗಿ ಬಂದ ಮಗುವಿಗೆ ಸರಕಿನ ಹೆಸರು, ಬೆಲೆ, ವಾಸನೆ, ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕುವ ಬಗೆ ಎಲ್ಲವೂ ಬಂದುಬಿಡುತ್ತವೆ. ಒಂದು ದಿನ ಅದೇ ಮಾತನ್ನು ಹೇಳಿ, ಉಳಿದ ಚಿಲ್ಲರೆಯಲ್ಲಿ, ತನಗೇ ಒಂದು ಚೀಟು ಕೊಳ್ಳಲು ಅವನಿಗೆ ಹೊಸದಾಗಿ ಏನನ್ನೂ ಕಲಿಯಬೇಕಾಗಿಲ್ಲ. 2003ರ ತಂಬಾಕು ನಿಯಂತ್ರಣ ಕಾಯ್ದೆ ಕಿರಿಯರಿಗೆ ತಂಬಾಕು ಮಾರುವುದನ್ನು ನಿಷೇಧಿಸಿದೆ. ದೊಡ್ಡವರು ಹೇಳಿ ಕಳಿಸಿದ್ದರೆ ಕೊಡಬಹುದು ಎಂಬ ವಿನಾಯಿತಿ ಅದರಲ್ಲಿ ಇಲ್ಲ. ಮಕ್ಕಳ ರಕ್ಷಣೆಯ 2015ರ ಕಾಯ್ದೆಯ 77ನೆಯ ಕಲಮು ಇನ್ನೂ ಕಠಿಣ: ಮಗುವಿಗೆ ತಂಬಾಕು ಕೊಟ್ಟವರಿಗೆ, ಕೊಡಿಸಿದವರಿಗೆ ಏಳು ವರ್ಷದವರೆಗೆ ಕಠಿಣ ಸೆರೆ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ. ಇಷ್ಟು ದೊಡ್ಡ ಶಿಕ್ಷೆಯುಳ್ಳ ಕೆಲಸ ಪ್ರತಿ ಓಣಿಯಲ್ಲಿ ಪ್ರತಿ ಸಂಜೆ ನಡೆಯುತ್ತದೆ. ಯಾರಿಗೂ ಅದು ಅಪರಾಧವೆನ್ನಿಸುವುದಿಲ್ಲ. ಮಕ್ಕಳ ಕೈಗೆ ನಿಕೋಟಿನ್ ಸೇರುವ ದಾರಿಗಳಲ್ಲಿ ಅತ್ಯಂತ ಅಗಲವಾದದ್ದು ಇದು, ಸರ್ಕಾರದ ಖರ್ಚಿಲ್ಲದೆ ಮುಚ್ಚಬಹುದಾದದ್ದೂ ಇದೇ.

ಎರಡನೆಯದು ಅಂಗಡಿಯ ಸ್ವರೂಪ. ಪಾನ್ ಡಬ್ಬಿ ಎಂದರೆ ಬರೀ ಪಾನಿನ ಅಂಗಡಿಯಲ್ಲ. ಚಾಕೊಲೇಟು, ಚಿಪ್ಸು, ಪೆಪ್ಪರಮಿಂಟು, ತಂಪು ಪಾನೀಯ ಅಲ್ಲಿಯೇ. ಅವುಗಳ ಮೇಲೆ ಬಣ್ಣಬಣ್ಣದ ಚೀಟುಗಳ ಸರ ತೂಗುತ್ತಿರುತ್ತದೆ. ಮಗು ಚಾಕೊಲೇಟಿಗೆಂದು ಕತ್ತೆತ್ತಿದರೆ ಕಣ್ಣಿಗೆ ಮೊದಲು ಬೀಳುವುದು ಆ ಸರ. ಇದನ್ನು ಮನಗಂಡೇ ಕೇಂದ್ರ ಆರೋಗ್ಯ ಸಚಿವಾಲಯ 2017ರ ಸೆಪ್ಟೆಂಬರ್‌ನಲ್ಲಿ ರಾಜ್ಯಗಳಿಗೆ ಸಲಹೆ ಬರೆಯಿತು: ತಂಬಾಕು ಮಾರುವ ಅಂಗಡಿಗಳಿಗೆ ಸ್ಥಳೀಯ ಸಂಸ್ಥೆಗಳು ಪರವಾನಗಿ ಕೊಡಬೇಕು, ಪರವಾನಗಿ ಪಡೆದ ಅಂಗಡಿಯಲ್ಲಿ ಮಕ್ಕಳನ್ನು ಸೆಳೆಯುವ ಚಾಕೊಲೇಟು, ಬಿಸ್ಕತ್ತು, ಚಿಪ್ಸು, ತಂಪು ಪಾನೀಯ ಮಾರಬಾರದು. ಸಲಹೆ ಸಲಹೆಯಾಗಿಯೇ ಉಳಿದರೆ ಪ್ರಯೋಜನವಿಲ್ಲ. ವಿಜಯಪುರದಲ್ಲಿ ಮಹಾನಗರ ಪಾಲಿಕೆಯಂಥ ಸ್ಥಳೀಯ ಸಂಸ್ಥೆ ಮನಸ್ಸು ಮಾಡಿದರೆ ಹಿಡಿಯಬಹುದಾದ ಜುಟ್ಟು ಇದು. ದಿಢೀರ್ ದಾಳಿಗಳಿಗಿಂತ ಪರವಾನಗಿ ರದ್ದಾಗುವ ಭಯ ಹೆಚ್ಚು ದಿನ ಬಾಳುತ್ತದೆ. ಪಾನ್ ಡಬ್ಬಿ ಇಟ್ಟುಕೊಂಡವರು ಬಹುಪಾಲು ಬಡವರು ಎಂಬುದನ್ನೂ ಮರೆಯಬಾರದು. ಒಂದು ಚೀಟಿನಲ್ಲಿ ಅವರಿಗೆ ಉಳಿಯುವುದು ಪೈಸೆಗಳಲ್ಲಿ. ದೊಡ್ಡ ಲಾಭ ಚೀಟು ತಯಾರಿಸುವವರಿಗೆ, ಏಲಕ್ಕಿಯ ಹೆಸರಿನಲ್ಲಿ ಸಿನಿಮಾ ನಟರಿಂದ ಜಾಹೀರಾತು ಮಾಡಿಸುವವರಿಗೆ. ಡಬ್ಬಿಯವನನ್ನಷ್ಟೇ ಗದರಿಸಿ ಕಾಯ್ದೆ ಜಾರಿಯಾಯಿತೆಂದು ಬರೆದುಕೊಳ್ಳುವುದು ನ್ಯಾಯವೂ ಅಲ್ಲ, ಪರಿಣಾಮಕಾರಿಯೂ ಅಲ್ಲ.

ದೂರದ ಲೆಕ್ಕ ಇದಕ್ಕೆ ಸೇರಿದ್ದು. ಶಿಕ್ಷಣ ಸಂಸ್ಥೆಯಿಂದ ನೂರು ಗಜದೊಳಗೆ ತಂಬಾಕು ಮಾರುವಂತಿಲ್ಲ ಎಂದು 2003ರ ಕಾಯ್ದೆ ಹೇಳಿತು. ಕರ್ನಾಟಕದ ತಿದ್ದುಪಡಿ ಅದನ್ನು ನೂರು ಮೀಟರ್ ಮಾಡಿತು. ಅಳತೆ ಶುರುವಾಗುವುದು ಶಾಲೆಯ ಗೋಡೆಯಿಂದ. ಮಗುವಿನ ದಿನ ಶಾಲೆಯ ಗೋಡೆಯೊಳಗೆ ಮುಗಿಯುವುದಿಲ್ಲ. ತಿಕೋಟಾ, ಬಬಲೇಶ್ವರ ಈಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರಗಳಾದ ಊರುಗಳು; ಸುತ್ತಲಿನ ಹಳ್ಳಿಗಳ ಮಕ್ಕಳು ಅಲ್ಲಿಯ ಪ್ರೌಢಶಾಲೆಗೆ ಬರುತ್ತಾರೆ, ಮುಂದೆ ಪಿಯುಸಿಗೆ, ಕೋಚಿಂಗಿಗೆ ವಿಜಯಪುರಕ್ಕೆ ದಿನವೂ ಬಸ್ಸು ಹತ್ತುತ್ತಾರೆ. ಬಸ್ಸಿಗಾಗಿ ಕಾಯುವ ಹೊತ್ತು ದಿನಕ್ಕೆ ಒಂದು ಗಂಟೆಯಾದರೂ ಆಗುತ್ತದೆ. ಆ ಹೊತ್ತು ಕಳೆಯುವುದು ಬಸ್ ನಿಲ್ದಾಣದ ಮಗ್ಗುಲಿನ ಚಹಾದಂಗಡಿ, ಪಾನ್ ಡಬ್ಬಿಗಳ ಮುಂದೆ. ಶಾಲೆಯ ಸುತ್ತ ಹಳದಿ ಗೆರೆ ಎಳೆಯುವ ಕಾರ್ಯಕ್ರಮ ಒಳ್ಳೆಯದೇ. ಆ ಗೆರೆ ಬಸ್ ನಿಲ್ದಾಣಕ್ಕೂ ಕೋಚಿಂಗ್ ಓಣಿಗೂ ಹಾಸ್ಟೆಲ್ ಬಾಗಿಲಿಗೂ ತಲುಪಬೇಕು.

ಮೂರನೆಯದು ಬಿಡಿ ಮಾರಾಟ. ಒಂದು ಪೂರ್ತಿ ಪ್ಯಾಕು ಸಿಗರೇಟು ಕೊಳ್ಳುವಷ್ಟು ಹಣ ಎಂಟನೆಯ ತರಗತಿಯ ಹುಡುಗನ ಕಿಸೆಯಲ್ಲಿ ಇರುವುದಿಲ್ಲ. ಒಂದು ಸಿಗರೇಟಿನಷ್ಟು ಇರುತ್ತದೆ. 2019ರ ಸಮೀಕ್ಷೆಯಲ್ಲಿ ಸಿಗರೇಟು ಸೇದುವ ವಿದ್ಯಾರ್ಥಿಗಳಲ್ಲಿ ಶೇ. 45 ಮಂದಿ, ಬೀಡಿ ಸೇದುವವರಲ್ಲಿ ಶೇ. 47 ಮಂದಿ ಬಿಡಿಯಾಗಿಯೇ ಕೊಂಡಿದ್ದರು. ಬಿಡಿ ಕೊಂಡವನಿಗೆ ಪ್ಯಾಕಿನ ಶೇ. 85 ಭಾಗ ತುಂಬುವ ಎಚ್ಚರಿಕೆಯ ಚಿತ್ರ ಕಾಣುವುದೇ ಇಲ್ಲ. ಕರ್ನಾಟಕ 2017ರಲ್ಲಿ ಬಿಡಿ ಸಿಗರೇಟು ಮಾರಾಟ ನಿಷೇಧಿಸಿತು. ವಿಧಾನಮಂಡಲ 2024ರ ಫೆಬ್ರುವರಿಯಲ್ಲಿ ಅಂಗೀಕರಿಸಿದ ತಿದ್ದುಪಡಿ ರಾಷ್ಟ್ರಪತಿಗಳ ಒಪ್ಪಿಗೆ ಪಡೆದು 2025ರ ಮೇನಲ್ಲಿ ಜಾರಿಗೆ ಬಂತು. ಅದರಂತೆ ತಂಬಾಕು ಕೊಳ್ಳುವ ಕನಿಷ್ಠ ವಯಸ್ಸು 18ರಿಂದ 21ಕ್ಕೆ ಏರಿತು, ಬಿಡಿ ಮಾರಾಟದ ನಿಷೇಧ ಕಾಯ್ದೆಯಲ್ಲೇ ಸೇರಿತು, ಹುಕ್ಕಾ ಬಾರ್‌ಗಳಿಗೆ ಒಂದರಿಂದ ಮೂರು ವರ್ಷದ ಸೆರೆಯ ಶಿಕ್ಷೆ ಬಂತು, ಇನ್ನೂರು ರೂಪಾಯಿಯಲ್ಲಿದ್ದ ದಂಡ ಸಾವಿರಕ್ಕೆ ಹೋಯಿತು. 21ರ ಮಿತಿಗೆ ಒಂದು ಒಳ್ಳೆಯ ತರ್ಕವಿದೆ. ಹದಿನಾಲ್ಕರ ಹುಡುಗನಿಗೆ ಸಿಗರೇಟು ತಂದುಕೊಡುವವನು ನಲವತ್ತರ ಅಪರಿಚಿತನಲ್ಲ, ಹದಿನೆಂಟರ ಓಣಿಯ ಅಣ್ಣ. ಅಣ್ಣನಿಗೇ ಸಿಗದಿದ್ದರೆ ತಮ್ಮನಿಗೂ ಸಿಗುವುದು ಕಷ್ಟ.

ಗುಟ್ಕಾದ ಕಥೆ ನಿಷೇಧಗಳು ಎಲ್ಲಿ ಸೋರುತ್ತವೆ ಎಂಬುದಕ್ಕೆ ಈ ಸೀಮೆಯ ಸ್ಪಷ್ಟ ಪಾಠ. ಮಹಾರಾಷ್ಟ್ರ 2012ರಲ್ಲಿ, ಕರ್ನಾಟಕ 2013ರ ಮೇ ಕೊನೆಯಲ್ಲಿ ಗುಟ್ಕಾ ನಿಷೇಧಿಸಿದವು. ಮಹಾರಾಷ್ಟ್ರ ತಂಬಾಕಿಲ್ಲದ ಪಾನ್ ಮಸಾಲಾವನ್ನೂ ನಿಷೇಧದಲ್ಲಿ ಸೇರಿಸಿತು. ಕರ್ನಾಟಕದಲ್ಲಿ ತಯಾರಕರು ಒಂದೇ ಚೀಟಿನಲ್ಲಿದ್ದದ್ದನ್ನು ಎರಡು ಮಾಡಿದರು: ಒಂದರಲ್ಲಿ ಪಾನ್ ಮಸಾಲಾ, ಇನ್ನೊಂದರಲ್ಲಿ ತಂಬಾಕು. ಕೊಂಡವನು ಎರಡನ್ನೂ ಬಾಯಲ್ಲಿ ಬೆರೆಸುತ್ತಾನೆ, ಗುಟ್ಕಾ ಆಗುತ್ತದೆ. ವಿಜಯಪುರ ಸೋಲಾಪುರ, ಸಾಂಗಲಿ ಜಿಲ್ಲೆಗಳ ನೆರೆಯದು. ಸಾಂಗಲಿಯ ಜತ್ತ ತಾಲ್ಲೂಕಿನ ಪೂರ್ವದ ಹಳ್ಳಿಗಳಲ್ಲಿ ಕನ್ನಡವೇ ಮನೆಮಾತು, ನೆಂಟಸ್ತಿಕೆ, ಸಂತೆ, ದುಡಿಮೆ ಎಲ್ಲವೂ ಗಡಿ ದಾಟಿ ನಡೆಯುತ್ತವೆ. ಎರಡು ಕಡೆಯ ಕಾನೂನು ಬೇರೆಬೇರೆ ಇದ್ದಾಗ ಸರಕು ಸಡಿಲವಾದ ಕಡೆಯಿಂದ ಬಿಗಿಯಾದ ಕಡೆಗೆ ಹರಿಯುವುದು ಸಹಜ.

ಕಾರ್ಖಾನೆಯ ಚೀಟಿಗಿಂತ ಹಿಡಿಯಲು ಕಷ್ಟವಾದದ್ದು ಮಾವಾ. ಅಡಿಕೆಯ ಚೂರು, ತಂಬಾಕು, ಸುಣ್ಣ ಸೇರಿಸಿ ಪ್ಲಾಸ್ಟಿಕ್ ಹಾಳೆಯಲ್ಲಿಟ್ಟು ಚೆನ್ನಾಗಿ ತಿಕ್ಕಿ ಕಟ್ಟಿಕೊಡುತ್ತಾರೆ. ಹೆಸರಿಲ್ಲ, ತಯಾರಿಕೆಯ ತಾರೀಖಿಲ್ಲ, ಎಚ್ಚರಿಕೆಯ ಚಿತ್ರವಿಲ್ಲ. ಇದಕ್ಕೆ ಹುಡುಗರನ್ನು ಒಯ್ಯುವ ಮೆಟ್ಟಿಲು ಸಿಹಿ ಸುಪಾರಿ. ಅದರಲ್ಲಿ ತಂಬಾಕಿಲ್ಲ, ಹಾಗಾಗಿ ತಂಬಾಕು ಕಾಯ್ದೆಯ ವಯೋಮಿತಿ ಅದಕ್ಕೆ ಅನ್ವಯಿಸುವುದಿಲ್ಲ. ಆರು ವರ್ಷದ ಮಗುವೂ ಕೊಳ್ಳಬಹುದು. ಅಡಿಕೆ ತನ್ನಷ್ಟಕ್ಕೇ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ ಮೊದಲ ಗುಂಪಿಗೆ ಸೇರಿಸಿತು. ಅಡಿಕೆ ಬೆಳೆಯುವ ನಾಡಿನಲ್ಲಿ ಈ ಮಾತು ಹೇಳುವುದು ಸುಲಭವಲ್ಲ. ಆದರೂ ಮಕ್ಕಳ ಬಾಯಿಯ ಪ್ರಶ್ನೆಯಲ್ಲಿ ಅದನ್ನು ಮುಚ್ಚಿಡುವುದು ತಪ್ಪು.

ಇಷ್ಟೆಲ್ಲ ಹಳೆಯ ದಾರಿಗಳ ಕೊನೆಗೆ ವೇಪ್ ಬರುತ್ತದೆ. ಬೆಲೆಯಲ್ಲಿ ಅದು ಚೀಟಿನ ಜಾತಿಯದಲ್ಲ. ಹಲವು ನೂರು ರೂಪಾಯಿ ಕೊಡಬೇಕು. ಆದ್ದರಿಂದ ಹಳ್ಳಿಯ ಡಬ್ಬಿಯಲ್ಲಿ ಅದು ತೂಗುವುದಿಲ್ಲ. ಅದು ಬರುವುದು ಫೋನಿನಿಂದ. ಇನ್‌ಸ್ಟಾಗ್ರಾಮ್, ಟೆಲಿಗ್ರಾಮ್ ಖಾತೆಗಳಲ್ಲಿ ಚಿತ್ರ ತೋರಿಸಿ, ವಾಟ್ಸ್‌ಆ್ಯಪ್‌ನಲ್ಲಿ ಮಾತು ಮುಗಿಸಿ, ಯುಪಿಐನಲ್ಲಿ ಹಣ ಪಡೆದು ಪಾರ್ಸಲ್ ಕಳಿಸುವ ವ್ಯಾಪಾರಕ್ಕೆ ಊರಿನ ಹಂಗಿಲ್ಲ. ಇನ್ನೊಂದು ದಾರಿ ಮನುಷ್ಯರದು: ಬೆಂಗಳೂರು, ಪುಣೆ, ಮುಂಬೈ, ಗೋವಾಗಳಲ್ಲಿ ಓದುವ, ದುಡಿಯುವ ಅಣ್ಣಂದಿರು ಹಬ್ಬಕ್ಕೆ, ಜಾತ್ರೆಗೆ ಊರಿಗೆ ಬರುವಾಗ ಚೀಲದಲ್ಲಿ ತರುವುದು. ಹಣದ ತೊಡಕನ್ನು ಹುಡುಗರು ಪಟ್ಟಿ ಹಾಕಿ ಬಗೆಹರಿಸುತ್ತಾರೆ. ನಾಲ್ಕೈದು ಮಂದಿ ಕೂಡಿ ಕೊಂಡ ಒಂದು ಉಪಕರಣ ಸಾವಿರಾರು ಎಳೆತಕ್ಕೆ ಬರುತ್ತದೆ, ಒಬ್ಬರಿಂದೊಬ್ಬರಿಗೆ ಸುತ್ತುತ್ತದೆ. ಸುತ್ತಿನಲ್ಲಿ ಕೂತ ಕಿರಿಯವನು ಅದನ್ನು ಕೊಂಡಿರುವುದೇ ಇಲ್ಲ. ಅವನಿಗೆ ಅದು ಗೆಳೆತನದ ಭಾಗವಾಗಿ ಪುಕ್ಕಟೆ ಸಿಗುತ್ತದೆ. ತನಗೆ ಮಾರಿದವರು ಯಾರು ಎಂದು ಅವನನ್ನು ಕೇಳಿದರೆ ಉತ್ತರವಿರುವುದಿಲ್ಲ. ಹಾಸ್ಟೆಲುಗಳು, ಬಾಡಿಗೆ ಕೋಣೆಗಳು, ನೀಟ್, ಸೈನಿಕ ಶಾಲಾ ಪ್ರವೇಶ ಪರೀಕ್ಷೆಗಳ ಕೋಚಿಂಗ್ ಕೇಂದ್ರಗಳು ಹೆಚ್ಚಿರುವ ವಿಜಯಪುರದಂಥ ನಗರದಲ್ಲಿ ಮನೆಯಿಂದ ಮೊದಲ ಬಾರಿ ದೂರವಾದ, ಪರೀಕ್ಷೆಯ ಒತ್ತಡದಲ್ಲಿರುವ ಮಕ್ಕಳೇ ಇಂಥ ಸುತ್ತಿಗೆ ಸುಲಭವಾಗಿ ಸಿಗುತ್ತಾರೆ. ಇ-ಸಿಗರೇಟು ನಿಷೇಧ ಕಾಯ್ದೆ ಸಾಗಣೆಯನ್ನೂ ಆನ್‌ಲೈನ್ ಜಾಹೀರಾತನ್ನೂ ಅಪರಾಧವೆಂದಿದೆ. ಸಬ್ ಇನ್‌ಸ್ಪೆಕ್ಟರ್ ದರ್ಜೆಯಿಂದ ಮೇಲಿನ ಪೊಲೀಸ್ ಅಧಿಕಾರಿ ಶೋಧಿಸಿ ವಶಪಡಿಸಿಕೊಳ್ಳಬಹುದು. ಅಂದರೆ ಈ ದಾರಿಯಲ್ಲಿ ತಡೆಯಬೇಕಾದ ಜಾಗ ಶಾಲೆಯ ಚೀಲವಲ್ಲ, ಪಾರ್ಸಲ್ ಕಚೇರಿ ಮತ್ತು ಮಾರುವವನ ಖಾತೆ.

ಹಾನಿಯ ಬಗ್ಗೆ ಎರಡು ಅತಿಗಳು ಚಾಲ್ತಿಯಲ್ಲಿವೆ. ಬರೀ ನೀರಾವಿ, ಏನೂ ಆಗದು ಎಂಬುದು ಒಂದು. ಒಂದು ಎಳೆತಕ್ಕೆ ಪುಪ್ಪುಸ ಕರಗುತ್ತದೆ ಎಂಬುದು ಇನ್ನೊಂದು. ಮಕ್ಕಳಿಗೆ ಎರಡೂ ಹೇಳಬಾರದು. ಸುಳ್ಳು ಬಯಲಾದ ದಿನ ಅವರು ನಿಜವನ್ನೂ ನಂಬುವುದಿಲ್ಲ. ಸುಡುವ ತಂಬಾಕಿನಲ್ಲಿರುವ ಟಾರ್ ಆವಿಯಲ್ಲಿ ಇಲ್ಲ, ಇದು ನಿಜ. ಆದರೆ ಕಾದ ದ್ರವದಿಂದ ಫಾರ್ಮಾಲ್ಡಿಹೈಡ್‌ನಂಥ ವಸ್ತುಗಳು, ಸುರುಳಿಯಿಂದ ಲೋಹದ ಕಣಗಳು ಆವಿಗೆ ಸೇರುತ್ತವೆ. 2019ರಲ್ಲಿ ಅಮೆರಿಕದಲ್ಲಿ ವೇಪ್ ಸೇದಿದವರ ಪುಪ್ಪುಸಕ್ಕೆ ತೀವ್ರ ಪೆಟ್ಟು ಬಿದ್ದು, 2020ರ ಫೆಬ್ರುವರಿಯ ಹೊತ್ತಿಗೆ 2,807 ಮಂದಿ ಆಸ್ಪತ್ರೆ ಸೇರಿದ, 68 ಮಂದಿ ಸತ್ತ ದಾಖಲೆಯಾಯಿತು. ಮುಖ್ಯ ಕಾರಣ ಗಾಂಜಾ ಸಾರದ ದ್ರವಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಕದ್ದು ಬರುವ ದ್ರವದಲ್ಲಿ ಏನಿದೆಯೆಂದು ಕೊಂಡವನಿಗೆ ತಿಳಿಯದು ಎಂಬುದೇ ಆ ಘಟನೆಯಿಂದ ಇಲ್ಲಿಗೆ ತರಬೇಕಾದ ಅಂಶ. ಎಲ್ಲಕ್ಕಿಂತ ಖಚಿತವಾದ ಹಾನಿ ನಿಕೋಟಿನ್‌ನದು. ಮಿದುಳಿನ ಬೆಳವಣಿಗೆ ಇಪ್ಪತ್ತೈದರ ಸುಮಾರಿನವರೆಗೂ ನಡೆಯುತ್ತದೆ. ಗಮನ, ಸಂಯಮ, ನಿರ್ಧಾರಗಳನ್ನು ನೋಡಿಕೊಳ್ಳುವ ಮುಂಭಾಗ ಕೊನೆಗೆ ಬಲಿಯುತ್ತದೆ. ಆ ಹೊತ್ತಿನಲ್ಲಿ ಸೇರಿದ ನಿಕೋಟಿನ್ ಬೇಗ ಚಟವಾಗುತ್ತದೆ, ಗಟ್ಟಿಯಾಗಿ ಉಳಿಯುತ್ತದೆ. ಓದಿನ ಒತ್ತಡ ಇಳಿಯಲೆಂದು ಎಳೆಯುವ ಹುಡುಗನಿಗೆ ಇಳಿಯುವುದು ಬಹುಮಟ್ಟಿಗೆ ಹಿಂದಿನ ಎಳೆತ ಮುಗಿದ ಮೇಲೆ ಹುಟ್ಟಿದ ಚಡಪಡಿಕೆ.

ಶಾಲೆಗಳ ಪಾಲಿನ ಕೆಲಸಕ್ಕೆ ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮ, ತಂಬಾಕು ಮುಕ್ತ ಶಿಕ್ಷಣ ಸಂಸ್ಥೆಯ ಮಾರ್ಗಸೂಚಿ, ವಿದ್ಯಾರ್ಥಿಗಳೇ ಅಂಗಡಿಯವರಿಗೆ ಹೂವು ಕೊಟ್ಟು ಕೇಳಿಕೊಳ್ಳುವ ಗುಲಾಬಿ ಆಂದೋಲನ ಇವೆ. ಇವುಗಳಲ್ಲಿ ಗುಲಾಬಿ ಆಂದೋಲನಕ್ಕೆ ಈ ಸೀಮೆಯಲ್ಲಿ ವಿಶೇಷ ಬೆಲೆ ಉಂಟು, ಏಕೆಂದರೆ ಅಂಗಡಿಯವನೂ ಮಗುವೂ ಒಂದೇ ಓಣಿಯವರು. ಓಣಿಯ ಮಗುವಿನ ಮಾತಿಗೆ ಇಲ್ಲವೆನ್ನುವುದು ಕಷ್ಟ. ಶಾಲೆಗಳು ಮಾಡುವ ಒಂದು ಕೆಲಸ ಮಾತ್ರ ನಿಲ್ಲಬೇಕು. ಸಿಕ್ಕಿಬಿದ್ದ ಹುಡುಗನಿಗೆ ಟಿ.ಸಿ. ಕೊಟ್ಟು ಕಳಿಸುವುದರಿಂದ ಶಾಲೆಯ ಹೆಸರು ಉಳಿಯಬಹುದು, ಹುಡುಗ ಉಳಿಯುವುದಿಲ್ಲ. ಶಾಲೆ ಬಿಟ್ಟವನು ಹೋಗಿ ಸೇರುವುದು ಗ್ಯಾರೇಜು, ಶೆಡ್ಡು, ಗುಳೆಯ ಲಾರಿ. ತಂಬಾಕು ಅತ್ಯಂತ ಸಲೀಸಾಗಿ ಸಿಗುವ ಜಾಗಗಳು ಅವೇ. ಹುಡುಗಿಯರ ವಿಷಯದಲ್ಲಿ ಪರಿಣಾಮ ಇನ್ನೂ ಕ್ರೂರ. ಓದು ನಿಂತ ಬೆನ್ನಿಗೆ ಮದುವೆಯ ಮಾತು ಶುರುವಾಗುತ್ತದೆ.

ಬಿಡಿಸುವ ಕೆಲಸಕ್ಕೆ ವ್ಯವಸ್ಥೆ ಇದೆ. ರಾಷ್ಟ್ರೀಯ ತಂಬಾಕು ತ್ಯಜನ ಸಹಾಯವಾಣಿ 1800-11-2356, 2016ರಲ್ಲಿ ಆರಂಭವಾದದ್ದು. ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದ ಮೂಲಕ ಕನ್ನಡದಲ್ಲೂ ಮಾತನಾಡಬಹುದು, ಕರೆಗೆ ಹಣವಿಲ್ಲ. ಜಿಲ್ಲಾ ಆಸ್ಪತ್ರೆಗಳ ತಂಬಾಕು ತ್ಯಜನ ಕೇಂದ್ರಗಳಲ್ಲಿ ಆಪ್ತಸಮಾಲೋಚನೆ ಸಿಗುತ್ತದೆ. ಮಕ್ಕಳಿಗೆ ಔಷಧಕ್ಕಿಂತ ಸಮಾಲೋಚನೆಯೇ ಮೊದಲು; ನಿಕೋಟಿನ್ ಚೂಯಿಂಗ್ ಗಮ್ಮನ್ನು ವೈದ್ಯರ ಸಲಹೆಯಿಲ್ಲದೆ ಕೊಡಬಾರದು. ಬಿಟ್ಟ ಮೊದಲ ಕೆಲವು ದಿನ ಸಿಡುಕು, ನಿದ್ದೆಗೇಡು, ಗಮನ ನಿಲ್ಲದಿರುವುದು, ಹಸಿವು ಹೆಚ್ಚಾಗಿರುತ್ತವೆ. ಎರಡರಿಂದ ನಾಲ್ಕು ವಾರಗಳಲ್ಲಿ ತಗ್ಗುತ್ತವೆ. ಪರೀಕ್ಷೆಯ ಹಿಂದಿನ ವಾರಕ್ಕಿಂತ ರಜೆಯ ಆರಂಭ ಬಿಡಲು ಒಳ್ಳೆಯ ಕಾಲ. ಗುಟ್ಕಾ, ಮಾವಾ, ಸುಪಾರಿ ತಿನ್ನುವ ಮಕ್ಕಳ ಬಾಯಿಯನ್ನು ಮನೆಯಲ್ಲೇ ಪರೀಕ್ಷಿಸಬಹುದು: ಮಗು ತನ್ನ ಮೂರು ಬೆರಳುಗಳನ್ನು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಇಡಲು ಆಗದಿದ್ದರೆ, ಖಾರ ತಿಂದಾಗ ಬಾಯಿ ಉರಿಯುತ್ತಿದ್ದರೆ, ಕೆನ್ನೆಯ ಒಳಭಾಗ ಬಿಳಿಚಿ ಬಿಗಿದಿದ್ದರೆ ದಂತ ವೈದ್ಯರಿಗೆ ತೋರಿಸಬೇಕು. ಬಾಯಿಯ ಒಳಪೊರೆ ನಾರುಗಟ್ಟುವ ಈ ರೋಗ ಪೂರ್ತಿ ಹಿಂದಿರುಗುವುದಿಲ್ಲ, ಕೆಲವರಲ್ಲಿ ಕ್ಯಾನ್ಸರಿಗೆ ತಿರುಗುತ್ತದೆ. ಅಡಿಕೆ ಬಿಟ್ಟರೆ ಅದು ಮುಂದುವರಿಯುವ ವೇಗ ತಗ್ಗುತ್ತದೆ, ಎಷ್ಟು ಬೇಗ ಬಿಟ್ಟರೆ ಬಾಯಿ ಅಷ್ಟು ಹೆಚ್ಚು ತೆರೆದಿರುತ್ತದೆ.